ದಣಿದವರ ಹಾಡು

“ಹಾಡು ಕೇಳೋಕೆ ಬಂದ್ರಾ? ಈ ಮನೇಲಿ ಹಾಡು ನಿಂತು ಎಷ್ಟೋ ಕಾಲವಾಯ್ತು. ಹೊರಡಿ!”

ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ ದರ್ಜಿ ಹುಡುಗಿ ಗದರಿದಳು.

ಬಾಗಿಲಲ್ಲಿ ನಿಂತಿದ್ದವನು ಹಳ್ಳಿಹಳ್ಳಿ ಅಲೆದು ಹಳೆಯ ಹಾಡುಗಳನ್ನು ರೆಕಾರ್ಡ್ ಮಾಡುವ ರೇಡಿಯೋದವನು. ಮೈಯೆಲ್ಲ ಧೂಳು.

“ಹೊರಡ್ತೀನಿ... ಒಂದು ಲೋಟ ನೀರು ಸಿಗುತ್ತಾ?”

ಅವಳು ಕಣ್ಣೆತ್ತಿದಳು. ಅಯ್ಯೋ, ಇವನೂ ನನ್ನ ಹಾಗೇ ಬಸವಳಿದಿದ್ದಾನಲ್ಲ...!

ಆ ಮನೆಯ ಹೆಂಗಸರು ತಲೆತಲಾಂತರದಿಂದ ಕೆಲಸದ ಜೊತೆ ಹಾಡಿಕೊಂಡು ಬಂದವರು. ಅಮ್ಮ ತೀರಿಕೊಂಡ ಮೇಲೆ ಇವಳು ಹಾಡುವುದನ್ನೇ ಬಿಟ್ಟಿದ್ದಳು. ಅಜ್ಜಿಗೆ ನೆನಪಿದ್ದದ್ದು ಅರ್ಧಂಬರ್ಧ.

ಅಜ್ಜಿ ಒಳಗಿಂದ ಕರೆದಳು. ಅವನು ಹೋಗಿ ಮಂಚದ ಪಕ್ಕ ಕುಳಿತ. ಆಮೇಲೆ ವಾರವಾರವೂ ಬಂದು ಅಜ್ಜಿಯ ಹಾಡು ರೆಕಾರ್ಡ್ ಮಾಡಿಕೊಂಡ. ಅಜ್ಜಿ ಸಾಲು ಮರೆತಾಗಲೆಲ್ಲ ಹೊಲಿಯುತ್ತಿದ್ದವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅವನು ಕಂಡೂ ಕಾಣದಂತಿದ್ದ. ಹಾಡು ಅಂತ ಒಮ್ಮೆಯೂ ಪೀಡಿಸಲಿಲ್ಲ. ಅದಕ್ಕೇ ಅವಳಿಗೆ ಅವನು ಇಷ್ಟವಾದ.

ಒಂದು ಮಧ್ಯಾಹ್ನ ಪಕ್ಕದ ಮನೆಯ ರೇಡಿಯೋದಲ್ಲಿ ಅಜ್ಜಿ ಹಾಡಿದ್ದ ಅದೇ ಹಾಡು! ಯಾರದೋ ಸಕ್ಕರೆಯಂಥ ದನಿ. ಕೊನೆಗೆ, “ಇದು ಯಾರ ಹಾಡೋ ತಿಳಿಯದು...” ಎಂಬ ಮಾತು.

ಅವಳು ಹೊಲಿಗೆ ನಿಲ್ಲಿಸಿದಳು. ನಂಬಿಸಿ ಕತ್ತು ಕೊಯ್ದನಲ್ಲ!

ಮರುದಿನ ಅವನು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. “ಇನ್ನೇನು ಉಳಿದಿದೆ ಕದಿಯೋಕೆ?”

“ನಾನು ಕೊಟ್ಟಿದ್ದು ಅಜ್ಜಿ ದನೀನೇ, ನಿಮ್ಮ ಮನೆತನದ ಹೆಸರೂ ಕೊಟ್ಟಿದ್ದೆ. ದನಿ ನಡುಗುತ್ತೆ ಅಂತ ಮೇಲಿನವರು ಬೇರೆಯವರ ಹತ್ರ ಹಾಡಿಸಿದ್ರು, ಹೆಸರೂ ತೆಗೆದುಹಾಕಿದ್ರು. ನಂಗೂ ನಿನ್ನೆನೇ ಗೊತ್ತಾಗಿದ್ದು. ಜಗಳ ಆಡಿ ಕೆಲಸ ಬಿಟ್ಟೆ.” ಅವನು ಹೊಸ್ತಿಲ ಮೇಲೇ ಕುಸಿದು ಕುಳಿತ. “ಬೈಯೋದಾದ್ರೆ ಬೈರಿ... ಎದ್ದು ಹೋಗೋಕೆ ಶಕ್ತಿಯಿಲ್ಲ.”

ಒಳಗಿಂದ ಅಜ್ಜಿ ಗೊಣಗಿದಳು. “ಅವನ್ನ ಯಾಕೆ ಬೈತೀಯೇ? ಆ ರೇಡಿಯೋದವಳು ‘ನಲಿದು ಮಲಗಿದಳು ಅವ್ವ’ ಅಂದ್ಲಲ್ಲ, ಅವಳನ್ನ ಬೈಯಿ! ನಲಿದಂತೆ! ನಮ್ಮವ್ವ ಯಾವತ್ತು ನಲಿದು ಮಲಗಿದ್ಲು? ನೀನಾದ್ರೂ ಸರಿಯಾಗಿ ಹೇಳೇ.”

ಹುಡುಗಿಯ ಕಣ್ಣು ತುಂಬಿ ಬಂತು. ಗೋಡೆಗೊರಗಿದಳು. ಒಡೆದ ದನಿಯಲ್ಲಿ ಹಾಡು ತಾನಾಗಿ ಹೊರಟಿತು...

“ಮೆಲ್ಲಗೆ ಬೀಸೇ ಗಾಳಿ, ದಣಿದು ಮಲಗಿದಳು ಅವ್ವ...”

ಹಾಡು ಮುಗಿದಾಗ ಅಜ್ಜಿಗೆ ನಿದ್ದೆ ಹತ್ತಿತ್ತು.

“ರೆಕಾರ್ಡ್ ಆಯ್ತಾ?” ಅವಳು ಪಿಸುಗುಟ್ಟಿದಳು.

“ಇಲ್ಲ. ಆನ್ ಮಾಡೋದೇ ಮರೆತೆ.”

“ಅಯ್ಯೋ ದೇವ್ರೇ! ಮತ್ತೆ ಹಾಡೋಕೆ ನನ್ನಿಂದಾಗಲ್ಲ... ಸುಸ್ತಾಗಿದೆ.”

“ಬೇಡ. ನೀವು ಮೊದಲು ಸುಧಾರಿಸ್ಕೊಳ್ಳಿ.”

“ನಾಳೆ ಬರ್ತೀರಾ?”

“ಇಲ್ಲೇ ಇದ್ದುಬಿಡು ಅಂದ್ರೆ... ಬರೋ ಶ್ರಮಾನೇ ಇರಲ್ಲ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವನ ಪಕ್ಕ ಹೊಸ್ತಿಲ ಮೇಲೆ ಕುಳಿತಳು.

“ಇರು,” ಎಂದಳು.