ಪೆಲಿಕನ್ ಬಿಟ್ಟು ಕಾಕಟೂಗೆ

ಸೂಟ್‌ಕೇಸ್ ಏನು ಮಾಡಿದರೂ ಮುಚ್ಚುತ್ತಿರಲಿಲ್ಲ. ಅಮ್ಮ ಅದರ ಮೇಲೆ ಹತ್ತಿ ಕೂತಳು. ನಿಹಾರಿಕಾ ಮಂಡಿಯೂರಿ ಜಿಪ್ ಎಳೆದಳು. ಒದ್ದೆ ಟವೆಲ್ಲಿನ ಒಂದು ಮೂಲೆ ನಾಲಗೆಯ ಹಾಗೆ ಹೊರಗೇ ಉಳಿಯಿತು.

"ಮೊನ್ನೆ ತಾನೇ ಇದನ್ನೆಲ್ಲ ಬಿಚ್ಚಿ ಜೋಡಿಸಿದ್ದೆ," ಎಂದಳು ಅಮ್ಮ. "ಥೀಮ್ ಪಾರ್ಕ್ ನೋಡೋಕೆ ಬಂದು ನಾನು ಹತ್ತಿರೋ ರೈಡ್ ಅಂದ್ರೆ ಈ ಹೋಟೆಲಿನ ಲಿಫ್ಟ್ ಒಂದೇ."

"ಕಾಕಟೂ ರಿಸಾರ್ಟ್‌ಗೆ ಹೋದ್ಮೇಲೆ ನೀನೇ ಖುಷಿ ಪಡ್ತೀಯ, ವನಜಾ. ಅಲ್ಲಿ ಬಾಲ್ಕನಿ ದೊಡ್ಡದು," ಎಂದ ಅಪ್ಪ, ಫೋನಿನಿಂದ ತಲೆ ಎತ್ತದೆ. "ರಿವ್ಯೂ ಎಲ್ಲಾ ಓದಿದೀನಿ."

"ಪೆಲಿಕನ್ನಿನ ರಿವ್ಯೂನೂ ಎಲ್ಲಾ ಓದಿದ್ರಿ."

ಅಪ್ಪ ಟ್ಯಾಕ್ಸಿ ಎಲ್ಲಿದೆ ಎಂದು ನೋಡುವುದರಲ್ಲಿ ತುಂಬ ಬಿಜಿಯಾಗಿಬಿಟ್ಟ.

ನಿಹಾರಿಕಾಳ ಮನೆ ಇರುವುದು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ. ಅವಳ ಪ್ರಾಣದ ಗೆಳತಿ ಮಧುರಾ ಕೂಡ ಮೊದಲು ಅಲ್ಲೇ, ಟ್ರ್ಯಾಮ್ ಸ್ಟಾಪಿನ ಪಕ್ಕ ಇದ್ದಳು. ಹೋದ ವರ್ಷ ಮಧುರಾಳ ಅಪ್ಪ ಬಾಲಕೃಷ್ಣ ಅಂಕಲ್‌ಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಇಬ್ಬರು ಗೆಳತಿಯರೂ ದೇಶದ ಒಂದೊಂದು ಕಡೆ. ಅದಕ್ಕೇ ಈ ರಜೆಯಲ್ಲಿ ಎರಡೂ ಮನೆಯವರು ಬ್ರಿಸ್ಬೇನಿಗೆ ಹಾರಿ, ಅಲ್ಲಿಂದ ಗೋಲ್ಡ್ ಕೋಸ್ಟಿಗೆ ಹೋಗಿ, ಥೀಮ್ ಪಾರ್ಕುಗಳನ್ನೆಲ್ಲ ಒಟ್ಟಿಗೆ ಸುತ್ತಬೇಕು ಎಂದು ಪ್ಲಾನ್ ಆಗಿತ್ತು.

'ಒಟ್ಟಿಗೆ' ಅನ್ನುವ ಮಾತು ಹೋಟೆಲ್ ಬುಕ್ ಮಾಡುವವರೆಗೆ ಉಳಿಯಿತು. ಅಪ್ಪ ವಾರಗಟ್ಟಲೆ ಹುಡುಕಿ, ಪಿಂಕ್ ಪೆಲಿಕನ್ ರಿಸಾರ್ಟೇ ಬೆಸ್ಟ್ ಎಂದ. ಬಾಲಕೃಷ್ಣ ಅಂಕಲ್ ಅಷ್ಟೇ ದಿನ ಹುಡುಕಿ, ಗೋಲ್ಡನ್ ಕಾಕಟೂ ರಿಸಾರ್ಟೇ ಬೆಸ್ಟ್ ಎಂದರು. ನೀನೇ ಇಲ್ಲಿಗೆ ಬಾ ಎಂದು ಇವನು, ಇಲ್ಲ ನೀನೇ ಬಾ ಎಂದು ಅವರು. ಇಬ್ಬರೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಬಿಟ್ಟುಕೊಡುವ ಪಾಠವನ್ನು ಆ ಬೆಂಚಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಒಬ್ಬರು ಪೆಲಿಕನ್ನಿನಲ್ಲಿ, ಇನ್ನೊಬ್ಬರು ಕಾಕಟೂದಲ್ಲಿ ಉಳಿದರು. ಪೆಲಿಕನ್ನಿನ ಫ್ರೀ ಬಸ್ ಒಂದು ಪಾರ್ಕಿಗೆ ಹೋಗುತ್ತಿತ್ತು, ಕಾಕಟೂದ ಫ್ರೀ ಬಸ್ ಇನ್ನೊಂದು ಪಾರ್ಕಿಗೆ. ಬಂದು ಇಷ್ಟು ದಿನವಾದರೂ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮೆಸೇಜುಗಳು ಮಾತ್ರ ಓಡಾಡುತ್ತಿದ್ದವು. ಇಬ್ಬರೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. ಜಂಬಕ್ಕೆ ಯಾವ ಭಾಷೆಯಾದರೇನು?

"ನಮ್ಮಲ್ಲಿ ಬ್ರೇಕ್‌ಫಾಸ್ಟ್‌ಗೆ ಪೆಂಗ್ವಿನ್ ಬರುತ್ತೆ," ಎಂದು ಮಧುರಾ ಬರೆದಳು. "ಇವತ್ತು ನನ್ನ ಪಕ್ಕದಲ್ಲೇ ನಿಂತಿತ್ತು."

ನಿಹಾರಿಕಾಗೆ ಹೊಟ್ಟೆ ಉರಿಯಿತು. ಅವರ ಪೆಲಿಕನ್ನಿನಲ್ಲಿ ಒಂದು ಪೆಲಿಕನ್ ಹಕ್ಕಿಯೂ ಇರಲಿಲ್ಲ. ದೊಡ್ಡ ವಾಟರ್ ಸ್ಲೈಡ್ ಇತ್ತು, ನಿಜ. ಆದರೆ ಅದರ ಸುತ್ತ ಕಿತ್ತಳೆ ಬಣ್ಣದ ಬಲೆ ಕಟ್ಟಿ, ರಿಪೇರಿ ಎಂದು ಬೋರ್ಡ್ ಹಾಕಿದ್ದರು. ಅವರು ಬಂದಾಗಿನಿಂದ ಆ ಸ್ಲೈಡ್ ಹತ್ತಿದ್ದು ಒಂದು ಸೀಗಲ್ ಹಕ್ಕಿ ಮಾತ್ರ. ಅದೂ ಜಾರಿರಲಿಲ್ಲ, ತುದಿಯಲ್ಲಿ ಸುಮ್ಮನೆ ಕೂತಿತ್ತು.

"ನಮ್ಮ ಸ್ಲೈಡ್ ಸೂಪರ್," ಎಂದು ನಿಹಾರಿಕಾ ಬರೆದಳು. "ಒಳಗೆಲ್ಲ ಕತ್ತಲೆ. ಎಷ್ಟು ಸಲ ಹೋದೆ ಅಂತ ಲೆಕ್ಕನೇ ಇಲ್ಲ."

ಆಮೇಲೆ ಅಪ್ಪನ ಬೆನ್ನು ಹತ್ತಿದಳು. "ಅಪ್ಪಾ, ಐ ವಾಂಟ್ ದ ಪೆಂಗ್ವಿನ್. ಅಲ್ಲಿಗೇ ಹೋಗೋಣ, ಪ್ಲೀಸ್."

ಮಧುರಾ ಬೇಕು ಎಂದು ಅವಳು ಹೇಳಲಿಲ್ಲ. ಹಾಗೆ ಹೇಳಿದರೆ ಮಧುರಾ ಗೆದ್ದ ಹಾಗೆ ಅನ್ನಿಸಿತು. ಪೆಂಗ್ವಿನ್ ಬೇಕು ಅನ್ನುವುದರಲ್ಲಿ ಆ ತೊಂದರೆ ಇರಲಿಲ್ಲ.

ಅಪ್ಪ ಅಷ್ಟು ಬೇಗ ಒಪ್ಪುತ್ತಾನೆ ಎಂದು ಅವಳು ಅಂದುಕೊಂಡಿರಲಿಲ್ಲ. ಅವನೂ ಕದ್ದು ಕದ್ದು ಕಾಕಟೂದ ಫೋಟೋ ನೋಡುತ್ತಿದ್ದನಂತೆ. "ಬಾಲುಗೆ ಏನೂ ಹೇಳೋದು ಬೇಡ," ಎಂದ. "ಹೋಗಿ ಸರ್‌ಪ್ರೈಸ್ ಕೊಡೋಣ." ಸರ್‌ಪ್ರೈಸ್ ಕೊಟ್ಟರೆ ಒಂದು ಲಾಭವಿತ್ತು. ನಿನ್ನ ಹೋಟೆಲೇ ಚೆನ್ನಾಗಿದೆ ಕಣೋ ಎಂದು ಫೋನಿನಲ್ಲಿ ಒಪ್ಪಿಕೊಳ್ಳಬೇಕಾಗಿರಲಿಲ್ಲ.

ಟ್ಯಾಕ್ಸಿಯಲ್ಲಿ ನಿಹಾರಿಕಾ ಹಗುರವಾಗಿ ಕೂತಳು. ಇನ್ನು ಮಧುರಾ ಆ ಸ್ಲೈಡನ್ನು ನೋಡುವ ಮಾತೇ ಇಲ್ಲ. ಸುಳ್ಳು ಪೆಲಿಕನ್ನಿನಲ್ಲೇ ಉಳಿಯಿತು.

ಕಾಕಟೂದ ಲಾಬಿ ತಣ್ಣಗಿತ್ತು. ಅಪ್ಪ ರೂಮಿನ ಕೀ ತೆಗೆದುಕೊಂಡು, ಬಾಲಕೃಷ್ಣ ಅವರ ಫ್ಯಾಮಿಲಿ ಯಾವ ರೂಮಿನಲ್ಲಿದೆ ಎಂದು ಕೇಳಿದ. ರಿಸೆಪ್ಶನ್‌ನ ಹುಡುಗಿ ಕಂಪ್ಯೂಟರ್ ನೋಡಿ, ಅವರು ಬೆಳಿಗ್ಗೆಯೇ ಖಾಲಿ ಮಾಡಿ ಹೋದರು ಎಂದಳು.

ಅಷ್ಟರಲ್ಲಿ ಲಿಫ್ಟಿನಿಂದ ಪೆಂಗ್ವಿನ್ ಹೊರಗೆ ಬಂತು. ಅದರ ತಲೆ ಅದರದೇ ಕಂಕುಳಲ್ಲಿತ್ತು. ತಲೆ ಇರಬೇಕಾದ ಜಾಗದಲ್ಲಿ, ಬೆವರಿ ಕೆಂಪಾದ ಒಬ್ಬ ಅಕ್ಕ ಸ್ಟ್ರಾ ಹಾಕಿಕೊಂಡು ಜ್ಯೂಸ್ ಕುಡಿಯುತ್ತಿದ್ದಳು. ನಿಹಾರಿಕಾಳನ್ನು ಕಂಡು, "ಇವತ್ತಿನ ಶೋ ಮುಗೀತು, ಡಾರ್ಲಿಂಗ್. ನಾಳೆ ಬಾ," ಎಂದು ಇಂಗ್ಲಿಷಿನಲ್ಲಿ ಹೇಳಿ ರೆಕ್ಕೆ ಬೀಸಿದಳು.

ಅಪ್ಪನ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಬಾಲಕೃಷ್ಣ ಅಂಕಲ್.

"ಎಲ್ಲಿದೀಯೋ ಹರ್ಷ? ನಿಮ್ಮ ಪೆಲಿಕನ್ ಲಾಬಿಯಲ್ಲಿ ಲಗೇಜ್ ಸಮೇತ ನಿಂತಿದೀವಿ. ಸರ್‌ಪ್ರೈಸ್ ಕೊಡೋಣ ಅಂತ ಬಂದ್ವಿ. ಇಲ್ಲಿ ನೋಡಿದ್ರೆ ನಿಮ್ಮ ರೂಮನ್ನೇ ನಮಗೆ ಕೊಡ್ತಿದಾರೆ."

ಅಪ್ಪ ಲಾಬಿಯ ಚಾವಣಿ ನೋಡಿದ. ತನ್ನ ಕೈಯಲ್ಲಿದ್ದ ಕೀ ನೋಡಿದ. "ಇಲ್ಲಿ ಕಾಕಟೂದಲ್ಲೂ ಹಾಗೇ ಆಗಿರಬೇಕು," ಎಂದ.

ಅಮ್ಮ ಸೂಟ್‌ಕೇಸಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಫೋನ್ ಕಸಿದುಕೊಂಡಳು. "ಬಾಲಕೃಷ್ಣ ಅವ್ರೇ, ನಾಳೆ ಪಾರ್ಕ್ ಗೇಟಿನಲ್ಲಿ ಸಿಗೋಣ. ಅಲ್ಲೀವರೆಗೆ ದಯವಿಟ್ಟು ಯಾರೂ ಯಾರಿಗೂ ಸರ್‌ಪ್ರೈಸ್ ಕೊಡೋದು ಬೇಡ."

ನಿಹಾರಿಕಾ ಮಾತ್ರ ನಗಲಿಲ್ಲ. ಪೆಲಿಕನ್ನಿನ ಲಾಬಿಯಿಂದ ಸ್ವಿಮ್ಮಿಂಗ್ ಪೂಲಿನ ಆ ಸ್ಲೈಡಿಗೆ ಎಷ್ಟು ಹೊತ್ತಿನ ದಾರಿ ಎಂದು ಅವಳಿಗೆ ಗೊತ್ತಿತ್ತು.

ರೂಮಿಗೆ ಹೋಗುವಷ್ಟರಲ್ಲಿ ಮಧುರಾಳಿಂದ ಮೆಸೇಜು ಬಂತು. ಒಂದು ಫೋಟೋ, ಅಷ್ಟೇ. ಕಿತ್ತಳೆ ಬಣ್ಣದ ಬಲೆ, ಹಿಂದೆ ಸ್ಲೈಡಿನ ತುದಿಯಲ್ಲಿ ಅದೇ ಸೀಗಲ್. ಕೆಳಗೆ ಒಂದು ಮಾತಿಲ್ಲ, ಒಂದು ನಗುವಿನ ಇಮೋಜಿಯೂ ಇಲ್ಲ.

ನಿಹಾರಿಕಾ ಸಾರಿ ಎಂದು ಬರೆದು ಅಳಿಸಿದಳು. ನಿನ್ನ ಪೆಂಗ್ವಿನ್ ನೋಡಿದೆ ಎಂದು ಬರೆದು ಅದನ್ನೂ ಅಳಿಸಿದಳು. ಬಾಲ್ಕನಿ ನಿಜಕ್ಕೂ ದೊಡ್ಡದಿತ್ತು. ಅಲ್ಲಿ ಕೂತು ಯೋಚಿಸಲು ಬೇಕಾದಷ್ಟು ಜಾಗವಿತ್ತು.

ಮಾರನೆಯ ದಿನ ಪಾರ್ಕಿನ ಗೇಟಿನಲ್ಲಿ ಅಪ್ಪಂದಿರು ತಬ್ಬಿಕೊಂಡರು. "ನಿಜ ಹೇಳ್ಬೇಕು ಅಂದ್ರೆ ಕಾಕಟೂನೇ ಬೆಸ್ಟ್," ಎಂದ ಅಪ್ಪ. "ಏ, ಸುಮ್ನಿರೋ, ಪೆಲಿಕನ್ ಮುಂದೆ ಅದ್ಯಾವ ಲೆಕ್ಕ?" ಎಂದರು ಅಂಕಲ್. ಜಗಳ ಅದೇ ಇತ್ತು. ಜಗಳವಾಡುವವರು ಮಾತ್ರ ಕಡೆ ಬದಲಾಯಿಸಿದ್ದರು.

ಮಧುರಾ ಉದ್ದವಾಗಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. "ಹಾಯ್," ಎಂದಳು. "ಹಾಯ್," ಎಂದಳು ನಿಹಾರಿಕಾ.

ರೋಲರ್ ಕೋಸ್ಟರಿನ ಕ್ಯೂ ಹಾವಿನ ಹಾಗೆ ಸುತ್ತಿಕೊಂಡಿತ್ತು. ನಮಗೆ ತಲೆ ಸುತ್ತುತ್ತೆ ಎಂದು ಅಮ್ಮಂದಿರು ನೆರಳಿಗೆ ಹೋದರು, ಅಪ್ಪಂದಿರು ಕಾಫಿಗೆ ಹೋದರು. ಗೆಳತಿಯರಿಬ್ಬರೇ ಕ್ಯೂನಲ್ಲಿ ನಿಂತರು. ಎಷ್ಟೋ ಹೊತ್ತು ಇಬ್ಬರೂ ಕಬ್ಬಿಣದ ಕಂಬಿಯನ್ನೇ ನೋಡಿದರು.

"ಪೆಂಗ್ವಿನ್ ನೋಡಿದ್ಯಾ?" ಎಂದಳು ಮಧುರಾ.

"ನೋಡ್ದೆ. ಜ್ಯೂಸ್ ಕುಡೀತಿತ್ತು."

"ನಾನು ಪೆಂಗ್ವಿನ್ ಅಂದೆ ಅಷ್ಟೇ. ರಿಯಲ್ ಪೆಂಗ್ವಿನ್ ಅಂತ ಹೇಳಿಲ್ಲ."

ನಿಹಾರಿಕಾ ಮತ್ತೆ ಕಂಬಿಯ ಕಡೆ ತಿರುಗಿದಳು. "ನಾನು ಹೇಳಿದ್ದು ಸುಳ್ಳೇ," ಎಂದಳು. "ಆ ಸ್ಲೈಡ್‌ನಲ್ಲಿ ಒಂದು ಸಲಾನೂ ಹೋಗಿಲ್ಲ."

"ಐ ನೋ. ಆ ಸೀಗಲ್ ಹೇಳ್ತು."

ನಿಹಾರಿಕಾ ತಲೆ ಎತ್ತಿದಳು. ಮಧುರಾಳ ತುಟಿ ಅದುರುತ್ತಿತ್ತು. ಮರುಗಳಿಗೆ ಇಬ್ಬರೂ ಕಂಬಿಗೆ ಜೋತುಬಿದ್ದು ನಕ್ಕರು.

ನಗು ನಿಂತ ಮೇಲೆ ನಿಹಾರಿಕಾ ಮೆಲ್ಲಗೆ ಕೇಳಿದಳು. "ನೀನು ಪೆಲಿಕನ್‌ಗೆ ಸ್ಲೈಡ್‌ಗೋಸ್ಕರ ಬಂದ್ಯಾ?"

"ಇಲ್ಲ," ಎಂದಳು ಮಧುರಾ. "ನೀನು ಪೆಂಗ್ವಿನ್‌ಗೋಸ್ಕರ ಹೋದ್ಯಾ?"

"ಇಲ್ಲ."

ಕ್ಯೂ ಸ್ವಲ್ಪ ಸರಿಯಿತು. ಪರ್ತ್‌ನ ಸ್ಕೂಲಿನ ವಿಷಯವನ್ನು ಮಧುರಾ ಹೇಳತೊಡಗಿದಳು. ಮೊದಲ ಟರ್ಮ್ ಪೂರ್ತಿ ಲಂಚ್ ಟೈಮಿನಲ್ಲಿ ಲೈಬ್ರರಿಯಲ್ಲಿ ಒಬ್ಬಳೇ ಕೂತಿರುತ್ತಿದ್ದಳಂತೆ. ಇದು ಯಾವ ಮೆಸೇಜಿನಲ್ಲೂ ಬಂದಿರಲಿಲ್ಲ. ಫೋಟೋಗಳಲ್ಲಿ ಬರೀ ಬೀಚು, ಐಸ್‌ಕ್ರೀಮು ಇರುತ್ತಿದ್ದವು. ಟ್ರ್ಯಾಮಿನಲ್ಲಿ ಮಧುರಾ ಕೂರುತ್ತಿದ್ದ ಸೀಟಿನ ಮೇಲೆ ಬೇರೆಯವರು ಕೂರದ ಹಾಗೆ ತಾನು ಈಗಲೂ ಬ್ಯಾಗ್ ಇಡುತ್ತೇನೆ ಎಂದು ನಿಹಾರಿಕಾ ಹೇಳಿದಳು. ಇದನ್ನೂ ಅವಳು ಎಂದೂ ಬರೆದಿರಲಿಲ್ಲ.

"ಒಂದಿನ ಲೈಬ್ರರಿಯಲ್ಲಿ ಇನ್ನೊಬ್ಬ ಹುಡುಗಿ ಬಂದು ನನ್ನ ಎದುರಿಗೇ ಕೂತ್ಲು," ಎಂದಳು ಮಧುರಾ. "ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ..."

ಅಷ್ಟರಲ್ಲಿ ರೈಡಿನ ಗೇಟ್ ಬಂದೇ ಬಿಟ್ಟಿತು. ಟೋಪಿ ಹಾಕಿದ ಅಣ್ಣ ಸರಪಳಿ ತೆಗೆದು, ಇಬ್ಬರಾ, ಬನ್ನಿ ಎಂದು ಕೈ ಮಾಡಿದ. ಮುಂದೆ ಕೆಂಪು ಸೀಟುಗಳು ಖಾಲಿಯಾಗಿ ಕಾಯುತ್ತಿದ್ದವು.

ನಿಹಾರಿಕಾ ಸೀಟು ನೋಡಿದಳು. ಮಧುರಾಳ ಮುಖ ನೋಡಿದಳು. ಹಿಂದೆ ನಿಂತಿದ್ದವರ ಕಡೆ ತಿರುಗಿ, "ಯೂ ಗೋ ಫಸ್ಟ್," ಎಂದು ಪಕ್ಕಕ್ಕೆ ಸರಿದಳು.

"ಆಮೇಲೆ?" ಎಂದು ಮಧುರಾಳನ್ನು ಕೇಳಿದಳು.