ಎಡಚನ ಬಲಗೈಗೆ ಕಟ್ಟಿದ ದಾರ

ಫಟ್!

ಮರಿತಾಯಿಯ ಕೈಲಿದ್ದ ಮಜ್ಜಿಗೆ ಮಡಕೆ ಒಡೆದು ಚೂರಾಯಿತು. ಸೀರೆಯೆಲ್ಲ ಒದ್ದೆ. ಮಡಕೆ ಒಡೆದ ಕೆಂಪು ಚೆಂಡು ಮಾತ್ರ ತನಗೇನೂ ಗೊತ್ತಿಲ್ಲದ ಹಾಗೆ ಉರುಳಿಕೊಂಡು ಹೋಗಿ ಕಣಗಿಲೆ ಗಿಡದ ಬುಡದಲ್ಲಿ ನಿಂತಿತು.

ಶಿವನಸಮುದ್ರದಲ್ಲಿ ಕರೆಂಟು ಕಚೇರಿಯ ಸಾಹೇಬರಿಗೆಂದು ಒಂದು ಕ್ಲಬ್ಬಿತ್ತು. ಮರಿತಾಯಿಯ ಅಪ್ಪ ಮಾದಯ್ಯ ಅಲ್ಲಿ ತೋಟದ ಮಾಲಿ. ಅವನಿಗೆ ದಿನಾ ಬುತ್ತಿ ತರುವುದು ಇವಳ ಕೆಲಸ. ಆದರೆ ಕ್ಲಬ್ಬಿನ ಬಾಗಿಲಿನಿಂದ ಚೆಂಡು ಹಾರಿ ಬಂದದ್ದು ಇದೇ ಮೊದಲು!

ಹಿಂದೆಯೇ ಒಬ್ಬ ಹುಡುಗ ಓಡಿ ಬಂದ. ಎಡಗೈಯಲ್ಲಿ ಉದ್ದನೆಯ ಕೋಲು.

"ಪೆಟ್ಟಾಯ್ತಾ?"

"ನಂಗಲ್ಲ, ಮಡಕೆಗೆ! ಕಣ್ಣ ಎಲ್ ಮಡೀಕಂಡಿದ್ದೆ?"

"ಚೆಂಡಿನ ಮ್ಯಾಲೇ ಮಡೀಕಂಡಿದ್ದೆ... ಅದೇ ನನ್ ಮಾತು ಕೇಳ್ನಿಲ್ಲ."

"ಎಡಗೈಲಿ ಆಡುದ್ರೆ ಇನ್ನೇನಾದದು? ಎಡಚ!"

ಬೈದರೆ ಕೋಪ ಬರಬೇಕಲ್ಲವೇ? ಅವನು ನಕ್ಕುಬಿಟ್ಟ. ಮರಿತಾಯಿ ಒಡೆದ ಮಡಕೆಯ ಚೂರುಗಳನ್ನು ಆರಿಸತೊಡಗಿದಳು. ನಡುನಡುವೆ ಕದ್ದು ಅವನನ್ನು ನೋಡಿದಳು.

ಅವನು ಕೆಂಪಸಿದ್ದಯ್ಯ. ಕ್ಲಬ್ಬಿನ ಮಾರ್ಕರ್. ಸಾಹೇಬರು ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಸ್ನೂಕರ್ ಆಡುವಾಗ ಲೆಕ್ಕ ಕೂಗುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವುದು ಅವನ ಕೆಲಸ. ಸಾಹೇಬರು ಊಟಕ್ಕೆ ಹೋದಾಗ ಒಬ್ಬನೇ ಆಡಿ ಆಡಿ ಕಲಿತಿದ್ದ. ಎಷ್ಟು ಕಲಿತಿದ್ದನೆಂದರೆ, ಒಂದು ದಿನ ಇಂಜಿನಿಯರ್ ಕಸ್ತೂರಿರಂಗನವರನ್ನೇ ಸೋಲಿಸಿಬಿಟ್ಟ. ಆ ದೊಡ್ಡ ಮನುಷ್ಯರು ಬೇಜಾರು ಮಾಡಿಕೊಳ್ಳಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆಟದ ಹಾಲ್ ಇಟ್ಟಿದ್ದ ಸಾಹುಕಾರರೊಬ್ಬರಿಗೆ ಹೇಳಿ ಇವನಿಗೆ ಅಲ್ಲಿ ಆಡುವ ಕೆಲಸ ಕೊಡಿಸಿದರು.

"ಸಾಹೇಬ್ರು ಮೋಜಿಗೆ ಆಡ್ತಾರೆ. ನಾನಿನ್ ಮ್ಯಾಲೆ ಸಂಬಳಕ್ಕೆ ಆಡ್ತೀನಿ ಕಣಮ್ಮಿ!" ನಾಲೆಯ ದಂಡೆಯ ಮೇಲೆ ಸಿಕ್ಕಾಗ ಹೇಳಿದ. ಅಷ್ಟೊತ್ತಿಗೆ ಅವರಿಬ್ಬರೂ ದಿನಾ ಅಲ್ಲಿ ಸಿಗುತ್ತಿದ್ದರು.

"ಚೆಂಡು ತಳ್ಳಕ್ಕೂ ಸಂಬಳ ಕೊಟ್ಟಾರಾ?"

"ಕೊಡ್ತಾರೆ. ಮುಂದಕ್ಕೆ ಬೊಂಬಾಯಿ ಆಟಗಾರನ ಮ್ಯಾಲೆ ಒಂದು ದೊಡ್ಡ ಆಟ ಅದೆ. ಅದ್ರಲ್ಲಿ ಗೆದ್ರೆ ಕಲ್ಕತ್ತಾಗೂ ಕಳಿಸ್ತಾರಂತೆ. ಗೆದ್ ಬಂದು ನಿಮ್ಮಪ್ಪನ್ನ ಕೇಳ್ತೀನಿ."

ಹೊರಡುವ ದಿನ ಮರಿತಾಯಿ ಸಿದ್ದಪ್ಪಾಜಿಗೆ ಹರಕೆ ಹೊತ್ತು, ಅರಿಶಿನದ ಕೊಂಬು ಕಟ್ಟಿದ ದಾರ ತಂದಳು. ಗಂಡಸಿಗೆ ಬಲಗೈಗೇ ತಾನೇ ಕಟ್ಟುವುದು? ಅವನ ಬಲ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದಳು.

"ಗೆದ್ ಬರೋಗಂಟ ಬಿಚ್ಚಬ್ಯಾಡ."

"ಬಿಚ್ಚಕಿಲ್ಲ."

"ಸೋತ್ರೆ ನನ್ ಕಾಲ್ಗುಣ ಅಂದಾರು... ನಮ್ ಮಂಗಳತ್ತೆ ಕತೆ ಗೊತ್ತಲ್ಲ?"

ಗೊತ್ತಿತ್ತು. ಮಾದಯ್ಯನ ತಂಗಿ ಮಂಗಳಮ್ಮ ಗಂಡನ ಮನೆ ಹೊಕ್ಕ ವಾರದಲ್ಲೇ ಅವರ ಎತ್ತು ಸತ್ತಿತ್ತು. ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ತವರಿಗೆ ಅಟ್ಟಿದರು. ಅವತ್ತಿನಿಂದ ಆಕೆ ಅಣ್ಣನ ಮನೆಯ ಮೂಲೆಯಲ್ಲಿ ರಾಗಿ ಬೀಸುತ್ತ ಕೂತಿದ್ದಳು.

ಕೆಂಪಸಿದ್ದ ಆ ದಾರವನ್ನೇ ನೋಡುತ್ತ ಏನೋ ಯೋಚಿಸಿದ.

ಆಮೇಲೆ ಮರಿತಾಯಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮದ್ದೂರಿನ ಸ್ಟೇಷನ್ನಿಗೆ ಹೋಗಿ ಬಂದವರು ಯಾರೇ ಸಿಕ್ಕಲಿ, ಅವರ ಬಾಯನ್ನೇ ನೋಡುವಳು. ಮೈಸೂರಲ್ಲಿ ಗೆದ್ದನಂತೆ! ಮದರಾಸಲ್ಲೂ ಗೆದ್ದನಂತೆ! ಅವಳು ಒಲೆಯ ಮೇಲಿಟ್ಟ ಸಾರು ಅದೆಷ್ಟು ಸಲ ಸೀದುಹೋಯಿತೋ, ಅವಳವ್ವ ಚಿಕ್ಕಮಾದಮ್ಮನನ್ನೇ ಕೇಳಬೇಕು.

ದಸರೆಗೆ ಹೋದವನು ಶಿವರಾತ್ರಿಗೆ ವಾಪಸು ಬಂದ. ಸೋತು ಬಂದ.

ಅವನಿಗಿಂತ ಮೊದಲೇ ಸುದ್ದಿ ಬಂದಿತ್ತು. ಬೊಂಬಾಯಿಯವನ ಮೇಲೆ ಗೆಲ್ಲುವ ಆಟವಂತೆ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅವನೇ ಕೋಲು ಕೆಳಗಿಟ್ಟು, 'ಚೆಂಡಿಗೆ ತಾಗಿಸಿಬಿಟ್ಟೆ, ತಪ್ಪಾಯಿತು' ಅಂದನಂತೆ; ಏನು ತಾಗಿತೆಂದು ಹೇಳಲಿಲ್ಲವಂತೆ. ತೀರ್ಪು ಹೇಳುವವನಿಗೂ ಕಾಣದ ತಪ್ಪು! ಎದುರಾಳಿಗೂ ಕಾಣದ ತಪ್ಪು! ಅದರಿಂದ ಸರದಿ ಕೈತಪ್ಪಿ ಆಟವೂ ಹೋಯಿತಂತೆ. ಕಾಸು ತಿಂದಿದ್ದಾನೆ, ಆಟ ಮಾರಿಕೊಂಡಿದ್ದಾನೆ ಎಂದು ಬೆಂಗಳೂರೆಲ್ಲ ಆಡಿಕೊಂಡಿತು. ಸಾಹುಕಾರ ಅವತ್ತೇ ಕೆಲಸದಿಂದ ತೆಗೆದ. ಕಸ್ತೂರಿರಂಗನವರ ದಯೆಯಿಂದ ಹಳೆಯ ಮಾರ್ಕರ್ ಕೆಲಸ ಮಾತ್ರ ಉಳಿಯಿತು.

'ಸುಳ್ಳು... ಸುಳ್ಳೇ ಇರಬೇಕು' ಎಂದು ಜಪಿಸುತ್ತ ಮರಿತಾಯಿ ನಾಲೆಯ ದಂಡೆಗೆ ಓಡಿದಳು. ಅವನ ಮುಖಕ್ಕಿಂತ ಮೊದಲು ಅವಳು ನೋಡಿದ್ದು ಬಲಗೈಯನ್ನು.

ಮಣಿಕಟ್ಟು ಬರಿದಾಗಿತ್ತು.

"ನನ್ ದಾರ ಎಲ್ಲಿ?"

ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಗೆದ್ ಬರೋಗಂಟ ಬಿಚ್ಚಬ್ಯಾಡ ಅಂದಿದ್ದೆ!"

"ಗೆಲ್ನಿಲ್ವಲ್ಲ ಮರಿತಾಯಿ."

"ಆ ಚೆಂಡಿಗೆ ಏನ್ ತಾಗ್ತು? ನಂಗಾದ್ರೂ ಏಳು. ನಿಜ್ವಾಗ್ಲೂ ತಾಗ್ತಾ? ಇಲ್ಲ... ಮಾರ್ಕಂಡ್ಯಾ?"

ಅವನ ಕಣ್ಣಲ್ಲಿ ನೀರು ತುಂಬಿತು. ಆದರೂ ಬಾಯಿ ಬಿಡಲಿಲ್ಲ. ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಿತ್ತೇ!

"ಜನ ಏನಂತಾರೋ ಅಂಗೇ ಅನ್ಕೊ," ಎಂದು ತಿರುಗಿ ನಡೆದ.

ಹರಕೆಯ ದಾರ ಕಿತ್ತೆಸೆದವನಿಗೆ ನನ್ನನ್ನು ಕಿತ್ತೆಸೆಯುವುದು ಯಾವ ದೊಡ್ಡದು? ಅವಳು ಅತ್ತಳು, ಬೈದಳು, ಮತ್ತೆ ಅತ್ತಳು. ಆ ಸಿಟ್ಟಿನಲ್ಲೇ ಮಂಡ್ಯದ ಗಂಡಿಗೆ ಹ್ಞೂಂ ಅಂದಳು. ಆಗ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಸದು. ಚಿಕ್ಕಬೋರಯ್ಯ ಅಲ್ಲಿ ಕೆಲಸಕ್ಕಿದ್ದ, ಒಳ್ಳೆಯವನೇ. ಸೋಮವಾರ ವೀಳ್ಯದ ಶಾಸ್ತ್ರವೆಂದು ಗೊತ್ತಾಯಿತು. ವೀಳ್ಯ ಬದಲಾಯಿಸಿಕೊಂಡರೆ ಮಾತು ಮುಗಿದ ಹಾಗೆ. ಆಮೇಲೆ ಹಿಂದೆ ಸರಿಯುವಂತಿಲ್ಲ.

ಭಾನುವಾರ ಮಧ್ಯಾಹ್ನ ಅಪ್ಪನ ಬುತ್ತಿ ಹಿಡಿದು ಬಂದವಳ ಕಾಲು ಕ್ಲಬ್ಬಿನ ಮೆಟ್ಟಿಲ ಬಳಿ ತಾನಾಗಿಯೇ ನಿಂತಿತು. ಒಳಗೆ ಚೆಂಡಿಗೆ ಚೆಂಡು ತಾಗುವ ಸದ್ದು. ಇಷ್ಟು ದಿನ ಆ ಸದ್ದು ಕೇಳಿದ್ದಳೇ ಹೊರತು ಆಟವನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಹೆಂಗಸರು ಆ ಹೊಸಲು ದಾಟುತ್ತಿರಲಿಲ್ಲ.

'ಇವತ್ತೊಂದು ದಿನ. ನಾಳೆಯಿಂದ ನಾನು ಬೇರೆಯವರ ಮನೆಯ ಹೆಣ್ಣು.'

ಬಾಗಿಲ ಸಂದಿಯಿಂದ ಇಣುಕಿದಳು. ಕೆಂಪಸಿದ್ದ ಒಬ್ಬನೇ ಇದ್ದ. ಸೆಕೆಗೆ ಅಂಗಿ ಕಳಚಿ ಬನಿಯನ್ನಿನಲ್ಲಿದ್ದ. ಎಡಗೈಯಲ್ಲಿ ಕೋಲಿನ ಹಿಂತುದಿ ಹಿಡಿದು ಮೇಜಿನ ಮೇಲೆ ಬಾಗಿದ. ಬಲಗೈಯನ್ನು ಮುಂದೆ ಚಾಚಿ, ಚೆಂಡುಗಳ ನಡುವೆ ಬೆರಳೂರಿ, ಆ ಬೆರಳುಗಳ ಮೇಲೆ ಕೋಲನ್ನು ಇಟ್ಟ.

ಬಲಗೈ! ಚೆಂಡುಗಳ ನಡುವೆ ಇರುವುದು ಎಡಚನ ಬಲಗೈ!

ಅವನ ಬಲತೋಳಿನ ಮೇಲೆ ಏನೋ ಹಳದಿ ಕಂಡಿತು. ಅವಳ ದಾರ. ಅದೇ ಕೊಂಬು. ಎಸೆದಿರಲಿಲ್ಲ... ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡಿದ್ದ!

ಮರಿತಾಯಿ ಹೊಸಲು ದಾಟಿದಳು.

"ನೀನ್ಯಾಕೆ ಒಳಿಕ್ ಬಂದೆ? ಯಾರಾರ ನೋಡುದ್ರೆ..."

ಅವಳು ಅವನ ತೋಳಿಂದ ದಾರ ಬಿಚ್ಚಿ, ಮತ್ತೆ ಬಲ ಮಣಿಕಟ್ಟಿಗೆ ಕಟ್ಟಿದಳು.

"ಈಗ ಆಡು."

"ಬ್ಯಾಡ ಮರಿತಾಯಿ."

"ಆಡು ಅಂದೆ!"

ಅವನು ಬಾಗಿದ. ಕೈ ಚಾಚಿದ. ಮಣಿಕಟ್ಟಿನಡಿ ತೂಗುತ್ತಿದ್ದ ಅರಿಶಿನದ ಕೊಂಬು ಪಕ್ಕದ ಕೆಂಪು ಚೆಂಡನ್ನು ಸವರಿತು. ಚೆಂಡು ಒಂದು ಕೂದಲಿನಷ್ಟು ಅಲ್ಲಾಡಿತು. ಪಕ್ಕದಲ್ಲೇ ನಿಂತ ಅವಳಿಗೂ ಕಂಡೂ ಕಾಣದಷ್ಟು.

ಮರಿತಾಯಿ ಬಗ್ಗಿ ಆ ಚೆಂಡನ್ನೇ ನೋಡಿದಳು.

"ಇದೇನಾ ತಾಗಿದ್ದು?"

ಅವನು ತಲೆ ಆಡಿಸಿದ. "ದೊಡ್ ಆಟಕ್ ಮುಂಚೆ ಸಾಹುಕಾರ್ರು ಬಿಚ್ಚು ಅಂದ್ರು. ನಾ ಬಿಚ್ನಿಲ್ಲ."

"ಯಾರೂ ನೋಡ್ನಿಲ್ವಂತಲ್ಲ. ಸುಮ್ಕಿರ್ಬೋದಿತ್ತಲ್ಲ!"

"ನಾ ನೋಡ್ದೆ. ಈ ಆಟದಲ್ಲಿ ತನ್ ತಪ್ಪ ತಾನೇ ಏಳ್ಬೇಕು, ಅದೇ ಕಟ್ಟಳೆ. ಏಳ್ದಲೆ ಗೆದ್ ಬಂದು ನಿನ್ ಮುಂದೆ ಎಂಗ್ ನಿಂತ್ಕಳ್ಲಿ?"

"ಅಂಗಾರೆ ನಂಗ್ಯಾಕ್ ಏಳ್ನಿಲ್ಲ? ಕಳ್ಳ ಅನ್ನಿಸ್ಕಂಡೆ, ಮಾರ್ಕಂಡ ಅನ್ನಿಸ್ಕಂಡೆ... ನನ್ ಬಾಯಲ್ಲೂ ಅನ್ನಿಸ್ಕಂಡ್ಯಲ್ಲೋ!"

ಕೆಂಪಸಿದ್ದ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನೀ ಕಟ್ಟಿದ್ ದಾರದಿಂದ ಸೋತೆ ಅಂತ ಯಾವ್ ಬಾಯಲ್ಲಿ ಏಳ್ಲಿ ಮರಿ? ಊರು ಏನಂದದು? ನಿನ್ನೂ ಮಂಗಳಮ್ಮನ ಪಕ್ಕ ಕೂರಿಸ್ಬುಡೋರು. ನಂಗೆ ಕಳ್ಳ ಅಂದ್ರೆ ಕೆಲ್ಸ ಓಯ್ತದೆ. ನಿನ್ ಕಾಲ್ಗುಣ ಸರಿಯಿಲ್ಲ ಅಂದ್ರೆ ನಿನ್ ಬಾಳೇ ಓಯ್ತದೆ."

ಮರಿತಾಯಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಇವನನ್ನು ದ್ವೇಷಿಸಲು ಎಷ್ಟು ಕಷ್ಟಪಟ್ಟೆನಲ್ಲ! ಕಣ್ಣೊರೆಸಿಕೊಂಡು, ದಾರ ಕಟ್ಟಿದ ಆ ಕೈಯನ್ನೇ ಹಿಡಿದು ಹೊರಗೆ ನಡೆದಳು. ತೋಟದಲ್ಲಿದ್ದ ಅಪ್ಪನನ್ನೂ ಕರೆದುಕೊಂಡು ಸೀದಾ ಮನೆಗೆ ಬಂದಳು.

ಚಿಕ್ಕಮಾದಮ್ಮ ನಾಳೆಯ ಶಾಸ್ತ್ರಕ್ಕೆ ವೀಳ್ಯದೆಲೆ ತೊಳೆಯುತ್ತಿದ್ದಳು. ಮಂಗಳತ್ತೆ ಬೀಸುವ ಕಲ್ಲಿನ ಮುಂದಿದ್ದಳು.

"ಇವ್ನು ಆಟ ಮಾರ್ನಿಲ್ಲ ಅಪ್ಪಯ್ಯ. ಚೆಂಡಿಗೆ ತಾಗಿದ್ದು ನನ್ ಅರಕೆ ದಾರ. ಸೋಲಿಗೆ ನಾನೇ ಕಾರಣ. ಕಾಲ್ಗುಣ ಅನ್ನೋರು ಅನ್ಲಿ! ನಾ ಕಟ್ಕಂಡ್ರೆ ಇವ್ನನ್ನೇ."

"ಬಾಯ್ ಮುಚ್ಚಮ್ಮಿ!" ಚಿಕ್ಕಮಾದಮ್ಮ ಕೈಲಿದ್ದ ಎಲೆ ಬಿಟ್ಟಳು. "ಈ ಮಾತು ಮಂಡ್ಯದೋರ ಕಿವಿಗ್ ಬಿದ್ರೆ ಗತಿಯೇನು?"

ಮಾದಯ್ಯ ತಲೆ ತಗ್ಗಿಸಿ ಕೂತ. ಒಂದು ಕಡೆ ಕೊಟ್ಟ ಮಾತು, ಇನ್ನೊಂದು ಕಡೆ ಮಗಳು.

ಬೀಸುವ ಕಲ್ಲು ನಿಂತಿತು.

"ಅಣ್ಣಾ," ಅಂದಳು ಮಂಗಳಮ್ಮ. ಆಕೆ ಆ ಮನೆಯಲ್ಲಿ ಎದುರು ಮಾತಾಡಿದ್ದನ್ನು ಯಾರೂ ಕಂಡವರಿಲ್ಲ. "ಆ ಎತ್ತು ನಾ ಆ ಮನೆಗ್ ಓಗೋಕ್ ಮುಂಚಿಂದ್ಲೂ ಕಾಯ್ಲೆಲಿತ್ತು. ನನ್ ಗಂಡಂಗೆ ಗೊತ್ತಿತ್ತು. ಒಂದ್ ಮಾತು ಏಳ್ನಿಲ್ಲ. ಈ ಹೈದ ನೋಡು... ಕಳ್ಳ ಅಂತ ಎಸ್ರು ಕೆಡಿಸ್ಕಂಡ, ನಿನ್ ಮಗಳ ಎಸ್ರು ಉಳ್ಸ್ದ. ಇಂತೋನ್ನ ಬುಟ್ಟು ಇನ್ಯಾರ್ಗ್ ಕೊಟ್ಟೀಯೆ?"

ಮಾದಯ್ಯ ಎದ್ದು ಹೆಗಲ ವಲ್ಲಿ ಕೊಡವಿದ. "ಮಂಡ್ಯಕ್ ಓಗಿ ಕೈ ಮುಗ್ದು ಬತ್ತೀನಿ. ಅವ್ರು ಬೈದ್ರೆ ಬೈಸ್ಕತೀನಿ." ಬಾಗಿಲಲ್ಲಿ ನಿಂತು ತಿರುಗಿದ. "ಎಲೆ ವಣಗದಂಗೆ ನೋಡ್ಕಳಿ. ಶಾಸ್ತ್ರ ನಾಳೀಕೇ."

ಬೇಸಗೆಯಲ್ಲಿ ಮದುವೆಯಾಯಿತು. ಚಪ್ಪರದಡಿ ಕಂಕಣ ಕಟ್ಟುವ ಹೊತ್ತು ಬಂದಾಗ ಮರಿತಾಯಿ ದಾರ ಹಿಡಿದು ಸುಮ್ಮನೆ ನಿಂತುಬಿಟ್ಟಳು. ದಾರದ ತುದಿಯಲ್ಲಿ ಅದೇ ಅರಿಶಿನದ ಕೊಂಬು.

"ಎಡಚ... ಯಾವ್ ಕೈಗೆ ಕಟ್ಲಿ?" ಅವನಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು.

ಅವನು ಬಲಗೈ ಚಾಚಿದ.

"ಮತ್ತೆ ಚೆಂಡಿಗ್ ತಾಗುದ್ರೆ?"

"ತಾಗ್ಲಿ. ತಾಗ್ತು ಅಂತ ಏಳ್ತೀನಿ. ಈ ಸಲ ಏನ್ ತಾಗ್ತು ಅಂತ್ಲೂ ಏಳ್ತೀನಿ."

"ಏನಂತ?"

"ನನ್ ಎಂಡ್ರು ಕಟ್ಟಿದ್ ದಾರ ಅಂತ."

ಮರಿತಾಯಿ ಗಂಟನ್ನು ಬಿಗಿಯಾಗಿ ಎಳೆದಳು.