ತೊಂಬತ್ತೇಳು ಪರ್ಸೆಂಟ್ ಕಳ್ಳಿ

“ಯಾರ್ರೀ ಇಲ್ಲಿ ಮಿಸ್ಬಾಹ್?”

ಜಾವಾದ ಕೆದಿರಿ ಊರಿನ ಇಸ್ಲಾಮಿಕ್ ಕಾಲೇಜಿನ ಸಂಶೋಧನಾ ಪತ್ರಿಕೆಯ ಕಚೇರಿ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು. ಒಳಗೆ ಸೋಯಾ ಹಾಲಿನ ಹಳದಿ ತೋಫು ತಿನ್ನುತ್ತಿದ್ದ ಯುವಕ ಬೆಚ್ಚಿ ತಲೆಯೆತ್ತಿದ. ಲ್ಯಾಪ್‌ಟಾಪ್ ಅವಚಿಕೊಂಡು, ಏದುಸಿರು ಬಿಡುತ್ತಾ ಒಬ್ಬಳು ನಿಂತಿದ್ದಳು.

“ನಾನೇ. ತಾವು...?”

“ಜುಮ್ರೋತಿನ್ ಜುಮ್ರೋತಿನ್!”

ಅವನ ಕೈಯ ತೋಫು ಕೆಳಗೆ ಬಿತ್ತು.

ಎರಡೆರಡು ಸಲ ಯಾಕೆ ಅನ್ನುತ್ತೀರಾ? ಅಪ್ಪ ಅವಳಿಗೆ ಇಟ್ಟದ್ದು ಒಂದೇ ಹೆಸರು. ಜಾವಾದಲ್ಲಿ ಅರ್ಧ ಊರಿಗೆ ಹಾಗೆಯೇ. ಆದರೆ ಪತ್ರಿಕೆಯ ಆನ್‌ಲೈನ್ ಅರ್ಜಿಗೆ ಮನೆತನದ ಹೆಸರು ಬೇಕೇ ಬೇಕು, ಇಲ್ಲದಿದ್ದರೆ ಅದು ಮುಂದಕ್ಕೇ ಹೋಗುವುದಿಲ್ಲ. ಬೇಸತ್ತು ಅದೇ ಹೆಸರನ್ನು ಇನ್ನೊಮ್ಮೆ ತುಂಬಿದ್ದಳು. ಅಂದಿನಿಂದ ಈ ಸಹಸಂಪಾದಕ ಮಹಾನುಭಾವನ ಏಳೂ ಇಮೇಲ್‌ಗಳು ‘ಗೌರವಾನ್ವಿತ ಇಬು ಜುಮ್ರೋತಿನ್ ಜುಮ್ರೋತಿನ್’ ಎಂದೇ ಶುರುವಾಗಿದ್ದವು! ಅಲ್ಲಿ ಹೆಂಗಸರಿಗೆ ‘ಇಬು’, ಗಂಡಸರಿಗೆ ‘ಬಾಪಾಕ್’ ಎನ್ನುವುದು ಮರ್ಯಾದೆ.

ಏಳು ಇಮೇಲ್ ಎಂದರೆ ಏಳು ಸಲ ವಾಪಸ್. ಅಂಚು ಅರ್ಧ ಸೆಂಟಿಮೀಟರ್ ಕಮ್ಮಿ. ಉಲ್ಲೇಖದಲ್ಲಿ ಅಲ್ಪವಿರಾಮ ಇಲ್ಲ. ಅರಬ್ಬಿ ಪದದ ಅಡಿಯಲ್ಲಿ ಚುಕ್ಕೆ ಇಲ್ಲ. ಅಬ್ಬಬ್ಬಾ, ಮನುಷ್ಯನೋ ಅಳತೆಪಟ್ಟಿಯೋ!

ಲೇಖನವಾದರೂ ಎಂಥದ್ದು? ಅವಳ ಅಜ್ಜಿ ಧಾರ್ಮಿಕ ವಸತಿಶಾಲೆಯ ಅಡುಗೆಮನೆ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಕಿತಾಬು ಎನ್ನುವ ಅರಬ್ಬಿ ಧರ್ಮಗ್ರಂಥ ಓದಿಸುತ್ತಿದ್ದಳು. ಅರಬ್ಬಿ ಸಾಲಿನ ಕೆಳಗೆ ಜಾವಾ ಭಾಷೆಯ ಅರ್ಥವನ್ನು ಓರೆಯಾಗಿ, ನೇತುಹಾಕಿದಂತೆ ಬರೆಸುತ್ತಿದ್ದಳು. ಆ ಕಲಿಸುವ ಕ್ರಮದ ಮೇಲೆ ನಾಲ್ಕು ವರ್ಷದ ಅಧ್ಯಯನ ಅದು.

ಈಗ ನೋಡಿದರೆ...

“ಓದಿ ಇದನ್ನ!” ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟಳು.

ಪ್ರಧಾನ ಸಂಪಾದಕಿ ಇಬು ಮೈಮುನಾ ಅವರ ಪತ್ರ. ನಿಮ್ಮ ಲೇಖನ ಬೇರೊಂದು ಬರಹಕ್ಕೆ ತೊಂಬತ್ತೇಳು ಪರ್ಸೆಂಟ್ ಹೋಲುತ್ತಿದೆ. ಸಂಜೆ ನಾಲ್ಕರೊಳಗೆ ಸಮಜಾಯಿಷಿ ಬಾರದಿದ್ದರೆ ಕೃತಿಚೌರ್ಯ ಎಂದು ನಿಮ್ಮ ಕಾಲೇಜಿಗೆ ವರದಿ ಹೋಗುತ್ತದೆ.

“ಈ ಲೇಖನ ಬಂದ್ರೆ ಮಾತ್ರ ನನಗೆ ಕಾಲೇಜಲ್ಲಿ ಪಾಠ ಹೇಳೋ ಕೆಲಸ ಕಾಯಂ. ವರದಿ ಹೋದ್ರೆ ಇರೋ ಕೆಲಸಾನೂ ಇಲ್ಲ! ನಾನು ಯಾರದ್ದು ಕದ್ದೆ ಬಾಪಾಕ್? ನಮ್ಮಜ್ಜಿ ಅಡುಗೆಮನೇನಾ? ನನ್ನ ಪ್ರತಿ ಇದ್ದಿದ್ದು ನಿಮ್ಮೊಬ್ಬರ ಹತ್ರ. ಯಾರಿಗೆ ಕೊಟ್ರಿ, ಹೇಳಿ!”

ಅವನು ಪರದೆ ದಿಟ್ಟಿಸಿದ. ಮುಖ ಬಿಳಿಚಿಕೊಂಡಿತು.

“ಮಂಗಳವಾರ... ಯಾ ಅಲ್ಲಾಹ್! ಇಬು, ನೀವು ಇಲ್ಲೇ ಕೂತಿರಿ.”

ಎದ್ದು ಹೊರಗೆ ಓಡಿಯೇಬಿಟ್ಟ!

‘ಓಡಿಹೋದ! ತಪ್ಪಿತಸ್ಥ ಅಲ್ಲದಿದ್ರೆ ಯಾಕೆ ಓಡ್ತಿದ್ದ?’ ಅವಳ ಕಣ್ಣು ತುಂಬಿಬಂತು. ಗಡಿಯಾರದಲ್ಲಿ ಆಗಲೇ ಮೂರೂಕಾಲು.

ಕೋಪದಲ್ಲೇ ಅವನ ಮೇಜು ನೋಡಿದಳು. ಅವಳ ಲೇಖನದ, ವಾಪಸಾದ ಏಳೂ ಪ್ರತಿಗಳು ದಾರ ಕಟ್ಟಿ ಜೋಡಿಸಿದ್ದವು. ಪ್ರತಿ ಪುಟದಲ್ಲೂ ಪೆನ್ಸಿಲ್ ಗುರುತು. ‘ಇಲ್ಲೂ ಅಂಚಿನ ಪುರಾಣ’ ಎಂದುಕೊಳ್ಳುತ್ತಾ ತಿರುವಿದಳು.

ಐದನೇ ಪುಟದಲ್ಲಿ ಅವಳ ಕೈ ನಿಂತಿತು.

ಅರ್ಥವನ್ನು ಯಾಕೆ ನೇತುಹಾಕಿ ಬರೆಯಬೇಕು ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜಿ ಕೊಟ್ಟ ಉತ್ತರ ಅಲ್ಲಿತ್ತು. ‘ಮಾವಿನ ಕೊಂಬೆಗೆ ನೀನು ಜೋತು ಬೀಳ್ತೀಯಲ್ಲ, ಹಾಗೆ. ಅರ್ಥ ಗಟ್ಟಿಯಾಗಿ ಹಿಡ್ಕೊಂಡಿರ್ಬೇಕು ಮಗಾ, ಮೇಲೆ ಹತ್ತಿ ಕೂರಬಾರದು.’

ಪಕ್ಕದಲ್ಲಿ ಲೇಖನ ಪರಿಶೀಲಿಸಿದ ಬೇರೊಬ್ಬರ ಕೆಂಪು ಶಾಯಿ: ‘ಶಾಸ್ತ್ರೀಯವಲ್ಲ, ತೆಗೆಯಿರಿ.’

ಅದರ ಕೆಳಗೆ ಪೆನ್ಸಿಲ್‌ನಲ್ಲಿ, ಓರೆಯಾಗಿ, ನೇತುಹಾಕಿದಂತೆ: ‘ಈ ಸಾಲು ಮುಟ್ಟಬೇಡಿ. ಮುಟ್ಟಿದರೆ ನಾನು ಕೆಲಸ ಬಿಡುತ್ತೇನೆ. ಮಿಸ್ಬಾಹ್.’

ಅವಳು ಆ ಸಹಿಯನ್ನು ಮತ್ತೆ ನೋಡಿದಳು. ಇವನಾ? ಈ ಅಳತೆಪಟ್ಟಿಯಾ?

ಮೂರೂಮುಕ್ಕಾಲಿಗೆ ಅವನು ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಯಲ್ಲಿ ಒಂದು ಹಾಳೆ.

“ತಪ್ಪು ನನ್ನದು ಇಬು. ಇಬು ಮೈಮುನಾಗೆ ಕೊಡೋ ಮುಂಚೆ ಮಂಗಳವಾರ ನಾನೇ ನಕಲು ಹಿಡಿಯೋ ಸಾಫ್ಟ್‌ವೇರಲ್ಲಿ ಹೋಲಿಕೆ ಪರೀಕ್ಷೆ ಹಾಕಿದ್ದೆ. ನಾಲ್ಕೇ ಪರ್ಸೆಂಟ್ ಬಂದಿತ್ತು. ಆದ್ರೆ ‘ಉಳಿಸಬೇಡ’ ಅನ್ನೋ ಗುರುತು ಒತ್ತೋದು ಮರೆತೆ. ಆ ಸಾಫ್ಟ್‌ವೇರು ನಿಮ್ಮ ಲೇಖನಾನ ನುಂಗ್ಕೊಂಡು ಕೂತಿತ್ತು. ಅವರು ಮತ್ತೆ ಹಾಕಿದಾಗ ಅದೇ ಎದುರಿಗೆ ಬಂತು. ನೀವು ನಿಮ್ಮದನ್ನೇ ಕದ್ದಂಗಾಯ್ತು.”

“ಅಂದ್ರೆ... ನಾನು ನನ್ನಿಂದಾನೇ...?” ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಅಲ್ಪವಿರಾಮಕ್ಕೆ ನನ್ನ ಪ್ರಾಣ ಹಿಂಡಿದ್ರಲ್ಲ! ಒಂದು ಗುರುತು ಒತ್ತೋಕೆ ಏನಾಗಿತ್ರೀ ನಿಮಗೆ?”

“ಅಜ್ಜಿ ಸಾಲು ಓದ್ತಾ ಇದ್ದೆ,” ಅವನು ತಲೆ ತಗ್ಗಿಸಿದ. “ಹನ್ನೊಂದನೇ ಸಲ.”

ಅವಳು ತುಟಿ ಕಚ್ಚಿಕೊಂಡಳು.

“ಈಗ ಏನಾಯ್ತು?”

“ನಿಮ್ಮ ಹೆಸರಿಗೆ ಕಳಂಕ ಇಲ್ಲ. ಲೇಖನ ಈ ಸಂಚಿಕೇಲೇ ಬರುತ್ತೆ. ಆದ್ರೆ ನಿಮ್ಮ ಕಡತದಿಂದ ನನ್ನನ್ನ ತೆಗೆದುಹಾಕಿದ್ರು.”

“ಯಾಕೆ? ಒಪ್ಕೊಂಡ್ರಲ್ಲ ತಪ್ಪು!”

“ಅದಕ್ಕಲ್ಲ...” ಅವನು ಹಾಳೆ ಚಾಚಿದ. ಕಿವಿ ಕೆಂಪಾಗಿತ್ತು. “ವಿವರಣೆ ಬರೆದ್ಮೇಲೆ ಇದಕ್ಕೂ ಉತ್ತರಿಸ್ಬೇಕಿತ್ತು. ಸುಳ್ಳು ಬರೆಯೋಕೆ ಆಗ್ಲಿಲ್ಲ.”

‘ಲೇಖಕರೊಂದಿಗೆ ನಿಮಗೆ ವೈಯಕ್ತಿಕ ಸಂಬಂಧವಿದೆಯೇ?’ ಅಂತ ಅಚ್ಚಾಗಿತ್ತು. ಕೆಳಗೆ ಅವನ ಅಕ್ಷರ:

‘ಇನ್ನೂ ಇಲ್ಲ.’

ಅವಳು ಎರಡು ಸಲ ಓದಿದಳು. ಆ ಊರಲ್ಲಿ ಮದುವೆ ಆಗಿದೆಯಾ ಎಂದು ಕೇಳಿದರೆ ಯಾರೂ ಬರೀ ‘ಇಲ್ಲ’ ಎನ್ನುವುದಿಲ್ಲ. ‘ಇನ್ನೂ ಇಲ್ಲ’ ಎನ್ನುತ್ತಾರೆ. ಆಗುತ್ತೆ ಅನ್ನೋ ಆಸೆ ಇಟ್ಟುಕೊಂಡೇ ಹೇಳುವ ಮಾತು ಅದು.

“ಇಬು ಮೈಮುನಾ ಏನಂದ್ರು?”

“ಹತ್ತು ನಿಮಿಷ ನಕ್ರು. ಆಮೇಲೆ ಸಹಿ ಹಾಕಿದ್ರು.”

ಜುಮ್ರೋತಿನ್ ಅವನ ಪೆನ್ಸಿಲ್ ಕಿತ್ತುಕೊಂಡಳು. ಏಳು ಇಮೇಲ್‌ಗಳ ಸೇಡು ಸುಮ್ಮನೆ ಬಿಡುತ್ತದೆಯೇ? ಆ ಎರಡು ಪದಗಳಿಗೆ ದುಂಡನೆ ಸುತ್ತು ಹಾಕಿದಳು.

“ಅಸ್ಪಷ್ಟ! ಯಾವಾಗ, ಹೇಗೆ, ಏನೂ ಇಲ್ಲ. ತಿದ್ದಿ ಮತ್ತೆ ಸಲ್ಲಿಸಿ.”

ಅವನ ಕಣ್ಣರಳಿತು. “ಎಷ್ಟು... ಎಷ್ಟು ದಿನದೊಳಗೆ?”

“ಭಾನುವಾರದೊಳಗೆ. ನಮ್ಮಪ್ಪನ ಮುಂದೆ.”

“ಅವರು ವಾಪಸ್ ಕಳಿಸಿದ್ರೆ?”

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು. ಇಷ್ಟು ಹೊತ್ತು ‘ಬಾಪಾಕ್’ ಎಂದು ಕಿರುಚುತ್ತಿದ್ದ ಬಾಯಿಗೆ, ಹೆಂಗಸರು ಗಂಡನನ್ನು ಕರೆಯುವ ಮಾತು ತಾನಾಗಿ ಬಂತು.

“ನಾನು ಏಳು ಸಲ ಮತ್ತೆ ಸಲ್ಲಿಸ್ಲಿಲ್ವಾ, ಮಾಸ್?”

ಅವನು ಮೆಲ್ಲಗೆ ಕರೆದ.

“ಜುಮ್ರೋತಿನ್...”

ಅವಳು ಕಾದಳು. ಹೆಸರು ಎರಡನೇ ಸಲ ಬರಲಿಲ್ಲ.

“ಹಾಂ,” ಎಂದು ನಕ್ಕಳು, “ಈಗ ಸರಿಯಾಗಿ ಕರೆದ್ರಿ ನೋಡಿ.”